ಎರಡು ಬಂದರು, ಒಂದು ಕುರ್ಚಿ

ಕುರ್ಚಿಯ ಆಸೆಯಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ನಾನೇ ಎಷ್ಟೋ ಸಲ ಹಾಗೆ ಹೇಳಿದ್ದೇನೆ. ಅಕ್ಕಪಕ್ಕದ ಬಂದರು ಪ್ರಾಧಿಕಾರಗಳನ್ನೆಲ್ಲ ಸೇರಿಸಿ ಒಂದೇ ಪ್ರಾದೇಶಿಕ ಮಂಡಳಿ ಮಾಡುತ್ತಾರೆಂಬ ಸುದ್ದಿ ಬಂದಾಗ, ವಿಶಾಖಪಟ್ಟಣದ ನಮ್ಮ ಕಚೇರಿಯವರೆಲ್ಲ ಹಡಗು, ಸರಕು, ರಾಜ್ಯದ ಭವಿಷ್ಯ ಎಂದು ಮಾತಾಡಿದರು. ನಾನು ಕುರ್ಚಿಯ ತೋಳುಗಳನ್ನು ಬಿಗಿಯಾಗಿ ಹಿಡಿದುಕೊಂಡೆ. ಮಂಡಳಿಯ ಕೇಂದ್ರ ಕಚೇರಿ ವಿಜಯವಾಡದಲ್ಲಂತೆ. ಸಮುದ್ರವಿಲ್ಲದ ಊರಿನಿಂದ ಬಂದರು ನಡೆಸುವುದು ಹೇಗೆಂದು ಕೇಳಬೇಡಿ. ಸಮುದ್ರವಿಲ್ಲದ ಧಾರವಾಡದಿಂದ ಬಂದು ನಾನೂ ಇಷ್ಟು ವರ್ಷ ಅದನ್ನೇ ಮಾಡಿದ್ದೇನೆ.

ಸಿಬ್ಬಂದಿ ವಿಭಾಗಕ್ಕೆ ನಮ್ಮಲ್ಲಿ ನಾನು ಮುಖ್ಯಸ್ಥ, ಪಕ್ಕದ ಬಂದರಿನಲ್ಲಿ ಸತ್ಯವತಿ ಗಾರು. ಇನ್ನು ಮುಂದೆ ಇಲ್ಲಿ ಒಬ್ಬರೇ, ಇನ್ನೊಬ್ಬರು ವಿಜಯವಾಡಕ್ಕೆ. ನನ್ನ ಹೆಂಡತಿ ಸುಮಾ ಸಮುದ್ರ ಕಂಡಿದ್ದೇ ಮದುವೆಯಾಗಿ ಇಲ್ಲಿಗೆ ಬಂದ ಮೇಲೆ. ಬೆಳಗಿನ ಚಹಾ ತಪ್ಪಿದರೂ ದಂಡೆಯ ಮೇಲಿನ ವಾಕಿಂಗ್ ತಪ್ಪಿಸುವವಳಲ್ಲ. ಅವಳಿಗಾಗಿ ಹೋರಾಡಲೇಬೇಕೆಂದು ತೀರ್ಮಾನಿಸಿದೆ. ಸ್ವಂತ ಆಸೆಗೆ ಹೆಂಡತಿಯ ಹೆಸರು ಸಿಕ್ಕರೆ ಧೈರ್ಯವೂ ಜಾಸ್ತಿ ಬರುತ್ತದೆ.

ಸತ್ಯವತಿ ಗಾರು ಹೋರಾಟಕ್ಕೆ ಬರಲೇ ಇಲ್ಲ. ಅನಕಾಪಲ್ಲಿಯ ಬೆಲ್ಲ ಹಿಡಿದುಕೊಂಡು ನಮ್ಮ ಮನೆಗೇ ಬಂದರು, ಸಂಜೆಯೆಲ್ಲ ಸುಮಾಳ ಜೊತೆ ಹರಟಿದರು. ಆಗಲೇ ಒಂದೇ ಕಚೇರಿಗೆ ಬಂದು ಸೇರಿದ್ದ ಎರಡು ಬಂದರಿನವರೂ ಊಟಕ್ಕೆ ಬೇರೆ ಬೇರೆ ಮೇಜು ಹಿಡಿಯುತ್ತಿದ್ದರು. ಒಂದಾಗಿ ಕೂತುಕೊಳ್ಳಿ ಎಂದು ನಾನು ಹೊರಡಿಸಿದ ಸುತ್ತೋಲೆಯನ್ನು ಯಾರೂ ಮೂಸಿ ನೋಡಲಿಲ್ಲ. ಆಕೆ ತಮ್ಮ ಗೋಂಗೂರ ಚಟ್ನಿಯ ಡಬ್ಬಿಯನ್ನು ನಮ್ಮ ಮೇಜಿನ ಮೇಲಿಟ್ಟರು, ಅಷ್ಟೆ. ಅವರ ಕಡೆಯವರೆಲ್ಲ ಚಟ್ನಿಯ ಹಿಂದೆಯೇ ಬಂದು ಕೂತರು. ಹೊಟ್ಟೆಕಿಚ್ಚಿನ ನಡುವೆಯೂ ನಾನು ಮನಸಾರೆ ಮೆಚ್ಚಿಕೊಂಡೆ.

ಕೊನೆಗೆ ತೀರ್ಮಾನದ ಸಭೆ. “ಮೀರು ಪೆದ್ದವಾರು, ಮೀರೇ ಕೂರ್ಚೋಂಡಿ,” ನೀವೇ ಹಿರಿಯರು, ಕುರ್ಚಿ ನಿಮ್ಮದೇ, ಎಂದರು ಸತ್ಯವತಿ ಗಾರು. ಈ ಸೀಮೆಯಲ್ಲಿ ಇಂಥ ಉಪಚಾರ ನಾಲ್ಕಾರು ಸುತ್ತು ನಡೆದ ಮೇಲೆಯೇ ಒಪ್ಪಿಕೊಳ್ಳಬೇಕು. ನಾನೂ ಮರ್ಯಾದಸ್ಥನಂತೆ, “ಅಯ್ಯೋ, ಮೀರೇ ಕೂರ್ಚೋಂಡಿ,” ಎಂದೆ. ಸಭೆ ನಡೆಸುತ್ತಿದ್ದ ಅಧಿಕಾರಿ ಉತ್ತರದ ಕಡೆಯವರು. ಮೊದಲ ಸುತ್ತಿಗೇ ಸತ್ಯವತಿ ಗಾರು ಹೆಸರು ಬರೆದುಕೊಂಡು ಎದ್ದುಬಿಟ್ಟರು.

ಸುಮಾಳ ಸಮುದ್ರ ಕಳೆದೆನೆಂಬ ಸಂಕಟದಲ್ಲಿ ಮನೆಗೆ ಬಂದು ವಿಷಯ ಹೇಳಿದೆ.

“ಅದಕ್ಯಾಕ ಮಾರಿ ಸಣ್ಣ ಮಾಡ್ಕೊಂಡೀರಿ? ನೀವು ಹೋಗ್ರಿ, ನಾ ಇಲ್ಲೇ ಇರ್ತೀನಿ,” ಎಂದಳು. “ಸತ್ಯವತಿ ಅಕ್ಕ ದಿನಾ ಮುಂಜಾನೆ ನನ್ನ ಕೂಡ ದಂಡಿಗೆ ಬರ್ತಾರ.”

ಈಗ ವಿಜಯವಾಡದ ಪಟಮಟದಲ್ಲಿ ಒಂದು ಕೋಣೆಯಲ್ಲಿದ್ದೇನೆ. ಬಂದರುಗಳನ್ನು ಸಲೀಸಾಗಿ ಸೇರಿಸುವುದು ಹೇಗೆಂದು ಸಲಹೆ ಕೊಡುವುದೇ ನನ್ನ ಕೆಲಸ. ಯಾರಾದರೂ ಉದಾಹರಣೆ ಕೇಳಿದರೆ ನಮ್ಮ ಮನೆಯನ್ನೇ ತೋರಿಸುತ್ತೇನೆ: ಅಲ್ಲಿ ಇಬ್ಬರು ಒಂದಾದರು, ಹೆಚ್ಚಾದ ಸಿಬ್ಬಂದಿಯನ್ನು ವಿಜಯವಾಡಕ್ಕೆ ವರ್ಗ ಮಾಡಿದರು.