ಏಳು ಬೇಡ, ಒಂಬತ್ತು ಬೇಕು

ಪುಟ್ಟಿ ಹುಟ್ಟಿ ಹನ್ನೊಂದು ತಿಂಗಳಾಗಿತ್ತು. ಈ ಹನ್ನೊಂದು ತಿಂಗಳಲ್ಲಿ ಪುಟ್ಟಿಯ ಅಮ್ಮನಿಗೆ ಪೂರ್ತಿ ತನ್ನದೇ ಎಂದು ದಕ್ಕಿದ್ದು ಒಂದೇ: ಬೆನ್ನುನೋವು. ಬಚ್ಚಲಿಗೆ ಹೋದರೂ ಬಾಗಿಲ ಸಂದಿಯಿಂದ ನಾಲ್ಕು ಪುಟಾಣಿ ಬೆರಳು ಒಳಗೆ ಇಣುಕುತ್ತಿದ್ದವು. (ಆ ಬೆರಳು ಸಿಕ್ಕಿಕೊಂಡುಬಿಟ್ಟರೆ ಎಂಬ ಗಾಬರಿಗೆ ತಲೆಸ್ನಾನವನ್ನು ಮೂರು ಚೊಂಬಿನಲ್ಲಿ ಮುಗಿಸುವ ವಿದ್ಯೆಯೂ ಅವಳಿಗೆ ಒಲಿದಿತ್ತು.)

ಆದ್ದರಿಂದ ಅಟ್ಟದ ಮೇಲಿಂದ ಸೂಟ್‌ಕೇಸ್ ಎಳೆಯುವಾಗ ಗಂಡನ ಕಾಲೇಜು ದಿನಗಳ ಗಿಟಾರ್ ತಲೆಯ ಮೇಲೆ ಬಿದ್ದಾಗ, ಅವಳಿಗೆ ನೋವಿಗಿಂತ ಮೊದಲು ಉಪಾಯ ಹೊಳೆಯಿತು.

"ರೀ, ನಾನಿದನ್ನ ಕಲೀತೀನಿ!"

"ಕಲಿ, ಕಲಿ. ಇದರಲ್ಲಿ ಸಿ ಆ್ಯಡ್ ನೈನ್ ಅಂತ ಒಂದು ಕಾರ್ಡ್, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪು, ಇದೆ. ಅದಕ್ಕೆ ಹೆದರಿಯೇ ನಾನು ಇದನ್ನ ಅಟ್ಟ ಹತ್ತಿಸಿದ್ದು."

"ನುಡಿಸಿ ತೋರಿಸಿದ್ರೆ?"

"ಏನು ಬೇಕಾದ್ರೂ ಕೇಳು."

"ದಿನಾ ಬೆಳಿಗ್ಗೆ ಒಂದು ಗಂಟೆ. ಪುಟ್ಟಿ ನಿಮ್ಮ ತೊಡೆ ಮೇಲೆ. ನಾನು ರೂಮಲ್ಲಿ. ಒಬ್ಬಳೇ!"

ಗಂಡನಿಗೆ ಗೆದ್ದೇ ಬಿಟ್ಟಷ್ಟು ಧೈರ್ಯ. "ಆಗ್ಲಿ. ಬರೋ ಭಾನುವಾರ ಜಿ ಕಾರ್ಡಿಂದ ಸಿ ಆ್ಯಡ್ ನೈನ್‌ಗೆ ಇಪ್ಪತ್ತು ಸಲ, ತಡವರಿಸ್ದೆ. ಅಮ್ಮನೇ ಸಾಕ್ಷಿ."

"ನನ್ನನ್ನ ಯಾಕಪ್ಪಾ ಕಟಕಟೆಗೆ ಎಳೀತೀಯ?" ಎಂದರು ಅತ್ತೆ. ಆದರೆ ಕುರ್ಚಿಯನ್ನು ಮಾತ್ರ ಹತ್ತಿರ ಎಳೆದುಕೊಂಡರು.

ಗುರು ಸಿಕ್ಕಿದ್ದು ಮೇಲಿನ ಮಹಡಿಯಲ್ಲಿ. ವೃತ್ತಿಯಲ್ಲಿ ಹಲ್ಲಿನ ಡಾಕ್ಟರ್, ಬಿಡುವಿನಲ್ಲಿ ಗಿಟಾರ್ ವಿದುಷಿ. ಪಾಠವೂ ಕ್ಲಿನಿಕ್ಕಿನ ಧಾಟಿಯಲ್ಲೇ. "ಬೆರಳು ಅಗಲಿಸಿ. ಇನ್ನೂ ಸ್ವಲ್ಪ. ನೋವಾಗ್ತಿದೆಯಾ? ಆಗ್ಬೇಕು."

"ಡಾಕ್ಟ್ರೇ, ಈ ಆ್ಯಡ್ ನೈನ್ ಅಂದ್ರೆ ಏನು?"

"ಸಿ ಕಾರ್ಡಲ್ಲಿ ಒಂದು, ಮೂರು, ಐದನೇ ಸ್ವರ ಇರುತ್ವೆ. ಅದಕ್ಕೆ ಒಂಬತ್ತನೇದನ್ನ ಸೇರಿಸೋದು. ಅಷ್ಟೇ."

"ಮಧ್ಯದ ಏಳು?"

"ಏಳು ಬೇಡ! ಏಳು ಬಂದ್ರೆ ಅದು ಬೇರೆ ಕಾರ್ಡೇ ಆಗ್ಬಿಡುತ್ತೆ."

ಹನ್ನೊಂದು ತಿಂಗಳಿಂದ ತೊಟ್ಟಿಲ ಮುಂದೆ ಉಸಿರು ಬಿಗಿಹಿಡಿದು ಅವಳು ಜಪಿಸುತ್ತಿದ್ದ ಮಂತ್ರವೂ ಹೆಚ್ಚುಕಡಿಮೆ ಇದೇ.

ಪುಟ್ಟಿಯ ಮಧ್ಯಾಹ್ನದ ನಿದ್ದೆ ನಲವತ್ತು ನಿಮಿಷ. ಅದರಲ್ಲಿ ಹತ್ತು ನಿಮಿಷ ಅವಳು ಉಸಿರಾಡುತ್ತಿದ್ದಾಳೆಯೇ ಎಂದು ನೋಡಲು, ಹತ್ತು ನಿಮಿಷ ಗಿಟಾರಿನ ಸದ್ದಿಗೆ ಮಗುವಿನ ಕಿವಿ ಕೆಡುತ್ತದೆಯೇ ಎಂದು ಮೊಬೈಲಿನಲ್ಲಿ ಓದಲು ಹೋಗುತ್ತಿತ್ತು. ಉಳಿದ ಇಪ್ಪತ್ತು ನಿಮಿಷದ ಘೋರ ತಪಸ್ಸಿಗೆ ನಾಲ್ಕೇ ದಿನದಲ್ಲಿ ಬೆರಳ ತುದಿಗಳು ಗಡುಸಾದವು. ಹೊಸ ಚಿಂತೆ: ಈ ಬೆರಳು ತಾಗಿ ಪುಟ್ಟಿಯ ಕೆನ್ನೆ ತರಚಿದರೆ? ಮಗುವಿಗೆ ಹಚ್ಚುವ ಎಣ್ಣೆಯನ್ನೇ ತನ್ನ ಬೆರಳಿಗೂ ಚೆನ್ನಾಗಿ ತಿಕ್ಕಿಕೊಂಡಳು.

ಎಡವಟ್ಟಾದದ್ದು ಅಲ್ಲೇ. ಶನಿವಾರ ಮಧ್ಯಾಹ್ನ ಡಾಕ್ಟರ್ ಕೆಳಗಿಳಿದು ಬಂದು ಕೊಟ್ಟ ಕೊನೆಯ ಪಾಠ. ಪುಟ್ಟಿ ತೊಟ್ಟಿಲಲ್ಲಿ, ಅತ್ತೆ ಸೋಫಾದ ಮೇಲೆ, ಇಬ್ಬರದೂ ಸಮಾನ ಗೊರಕೆ. ಎಣ್ಣೆಯ ಉಂಗುರ ಬೆರಳು ಜಾರಿ ಪಕ್ಕದ ತಂತಿಯ ಮೇಲೂ ಒರಗಿತು.

"ಏಳು!" ಎಂದು ಕಿರುಚಿದರು ಡಾಕ್ಟರ್. "ಏಳು! ಏಳು!"

ಅತ್ತೆ ದಡಕ್ಕನೆ ಎದ್ದು ನಿಂತರು. "ಎದ್ದೆ, ಎದ್ದೆ! ಏನಾಯ್ತು? ಗ್ಯಾಸ್ ಸೋರ್ತಿದೆಯಾ?"

"ಅಯ್ಯೋ, ನಿಮಗಲ್ಲಮ್ಮ. ಏಳು ಬೇಡ ಅಂದೆ."

"ಏಳು ಅಂತೀರಿ, ಎದ್ದ ಮೇಲೆ ಏಳ್ಬೇಡ ಅಂತೀರಿ! ನಿಂತಿರಲೋ, ಕೂರಲೋ?"

ಈ ವಾಗ್ವಾದಕ್ಕೆ ತೊಟ್ಟಿಲಲ್ಲಿದ್ದವಳೂ ಆಜ್ಞೆ ಪಾಲಿಸಿದಳು.

ಅಳುವ ಪುಟ್ಟಿಯನ್ನು ಅತ್ತೆಯ ಹೆಗಲಿಗೆ ದಾಟಿಸಿ, ಡಾಕ್ಟರ್ ಹತ್ತಿಯಿಂದ ಶಿಷ್ಯೆಯ ಬೆರಳುಗಳನ್ನು ಒಂದೊಂದಾಗಿ ಒರೆಸಿದರು. "ನಾಲ್ಕೂ ಬೆರಳು ಎತ್ತಿ ಇಡ್ತಾ ಇದ್ದೀರಲ್ಲ, ಯಾಕೆ? ಉಂಗುರದ ಬೆರಳು, ಕಿರುಬೆರಳು ಕದಲೋದೇ ಬೇಡ. ಮಿಕ್ಕ ಎರಡನ್ನ ಮಾತ್ರ ಒಂದು ತಂತಿ ಕೆಳಗೆ ಇಳಿಸಿ."

ಇಷ್ಟೇನಾ! (ಇಬ್ಬರು ಕೂತಲ್ಲೇ ಕೂತಿರುವುದು, ಇನ್ನಿಬ್ಬರು ಓಡಾಡಿ ಸಾಯುವುದು. ಸಂಸಾರ ಮಾಡುವವಳಿಗೆ ಇದನ್ನು ಹೇಳಿಕೊಡಬೇಕೇ?) ಅವಳು ಎರಡು ಬೆರಳು ಇಳಿಸಿ ತಂತಿಗಳನ್ನು ಮೀಟಿದಳು. ಬರೀ ಸಿ ಕಾರ್ಡ್ ಮನೆಗೆ ಬಂದು ಬಾಗಿಲು ಹಾಕಿಕೊಂಡಂತೆ ಮುಗಿದುಹೋಗುತ್ತಿತ್ತು. ಇದು ಬಾಗಿಲು ಹಾಕಿದ ಮೇಲೂ ಒಂದು ಕಿಟಕಿ ತೆರೆದಿಟ್ಟಂತಿತ್ತು. "ಬಂತು! ಡಾಕ್ಟ್ರೇ, ಬಂತು!" ಎಂದು ಗಿಟಾರ್ ಸಮೇತ ಎದ್ದು ಕುಣಿದಳು.

ಭಾನುವಾರ ಬೆಳಿಗ್ಗೆ ನಡುಮನೆಯೇ ನ್ಯಾಯಾಲಯವಾಯಿತು. ಅತ್ತೆ ಬೆರಳು ಮಡಚಿ ಎಣಿಸತೊಡಗಿದರು. ಎಂಟಕ್ಕೆ ಗಂಡ ಪೇಪರ್ ಮಡಿಸಿಟ್ಟ. ಹದಿನೈದಕ್ಕೆ ಅವನ ಬಾಯಿ ತೆರೆದುಕೊಂಡಿತು. ಹತ್ತೊಂಬತ್ತಕ್ಕೂ ಅವಳ ಬೆರಳು ತಪ್ಪಲಿಲ್ಲ.

"ಇಪ್ಪತ್ತು!" ಅತ್ತೆ ಚಪ್ಪಾಳೆ ತಟ್ಟಿದರು. "ಸೋತೆ ಕಣೋ!"

ಸೋಮವಾರ ಆರು ಗಂಟೆಗೆ ಪುಟ್ಟಿಯ ಅಮ್ಮ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಾಸಿಗೆಯ ಮೇಲೆ ಅಡ್ಡಡ್ಡ ಮಲಗಿದಳು. ಕಾಲು ಚಾಚಿದಳು. ಒಂದು ಗಂಟೆ! ಸಾಮ್ರಾಜ್ಯದಷ್ಟು ದೊಡ್ಡ ಒಂದು ಗಂಟೆ!

ನಾಲ್ಕನೇ ನಿಮಿಷಕ್ಕೆ ನಡುಮನೆಯಲ್ಲಿ ಅಳು. ಗಂಡ ಕುದುರೆಯಾದ, ಬೆಕ್ಕಾದ, ಕೊನೆಗೆ ಗಿಟಾರ್ ಎತ್ತಿಕೊಂಡು ತನಗೆ ಬರುತ್ತಿದ್ದ ಬರೀ ಸಿ ಕಾರ್ಡ್ ಬಾರಿಸಿದ. ಅಳು ಇಮ್ಮಡಿಯಾಯಿತು. ಬಾಗಿಲು ಟಕಟಕ.

"ಇವಳೇ, ಒಂದೇ ಒಂದು ಸಲ ಆ ಒಂಬತ್ತಿಂದು ನುಡಿಸ್ತೀಯಾ? ನಿನ್ನ ಮಗಳಿಗೆ ಬೇರೇನೂ ಹಿಡಿಸ್ತಿಲ್ಲ."

"ಒಂದೇ ಸಲ!" ಎಂದು ಗದರಿಸಿ ಹೊರಗೆ ಬಂದು ನುಡಿಸಿದಳು. ಪುಟ್ಟಿ ಗಪ್‌ಚಿಪ್. ನಿಲ್ಲಿಸಿದಳು. ಪುಟ್ಟಿಯ ಕೆಳತುಟಿ ಮುಂದೆ ಬಂತು. ಮತ್ತೆ ನುಡಿಸಿದಳು.

ಈಗ ದಿನಾ ಬೆಳಿಗ್ಗೆ ಒಪ್ಪಂದ ಜಾರಿಯಲ್ಲಿದೆ. ಪುಟ್ಟಿ ಅಪ್ಪನ ತೊಡೆಯ ಮೇಲೆ. ಅಪ್ಪ ಸೋಫಾದ ಮೇಲೆ. ಇಬ್ಬರಿಗೂ ಗಾಢ ನಿದ್ದೆ. ಎದುರಿನ ಕುರ್ಚಿಯಲ್ಲಿ ಪುಟ್ಟಿಯ ಅಮ್ಮ ಜಿ, ಸಿ ಆ್ಯಡ್ ನೈನ್, ಜಿ, ಸಿ ಆ್ಯಡ್ ನೈನ್, ಪೂರ್ತಿ ಒಂದು ಗಂಟೆ. ಮೊನ್ನೆ ಕಾಫಿ ಲೋಟ ಹಿಡಿದು ಬಂದ ಅತ್ತೆ ಅವಳನ್ನೇ ನೋಡುತ್ತಾ ಕಣ್ಣು ಒದ್ದೆ ಮಾಡಿಕೊಂಡರು.

"ಪುಣ್ಯವಂತೆ ಕಣಮ್ಮ ನೀನು," ಎಂದು ಪಿಸುಗುಟ್ಟಿದರು. "ನಮ್ಮ ಕಾಲದಲ್ಲಿ ಬೆಳಿಗ್ಗೆ ಹೊತ್ತು ಹೀಗೆ ಒಂದು ಗಂಟೆ ನಮ್ಮ ಪಾಡಿಗೆ ನಮ್ಮನ್ನ ಯಾರು ಬಿಡ್ತಿದ್ರು?"