ಮಾವನ ಗಾಡಿಯ ಕಾಶೀವಾಸ

ನನ್ನ ಸೋದರಮಾವನ ಪಿಕಪ್ ಗಾಡಿಗೆ ಮೋಕ್ಷ ಸಿಗುವುದು ಖಾತ್ರಿ. ಮಾವನಿಗೆ ಸಿಗುತ್ತದೋ ಇಲ್ಲವೋ ನಾನು ಹೇಳಲಾರೆ, ಯಾಕೆಂದರೆ ಅವನ ಬಾಯಿ ಅಷ್ಟು ಒಳ್ಳೆಯದಲ್ಲ. ಗಾಡಿ ಮಾತ್ರ ಹದಿನೆಂಟು ವರ್ಷಗಳಿಂದ ಕಾಶಿಯ ಎಲ್ಲೆ ದಾಟಿಲ್ಲ. ದಿನಾ ಬೆಳಿಗ್ಗೆ ಹಣೆಗೆ, ಅಂದರೆ ಬಾನೆಟ್ಟಿಗೆ, ವಿಭೂತಿ ಹಚ್ಚಿಸಿಕೊಳ್ಳುತ್ತದೆ. ಡೀಸೆಲ್ಲು ಕುಡಿಯುವುದೊಂದು ಬಿಟ್ಟರೆ ಬೇರೆ ಚಟವಿಲ್ಲ. ನಮ್ಮ ಮನೆತನದಲ್ಲಿ ಇದಕ್ಕಿಂತ ಹೆಚ್ಚು ಪುಣ್ಯ ಕಟ್ಟಿಕೊಂಡವರು ಯಾರಿದ್ದಾರೆ ಹೇಳಿ!

ಮಾವನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆಂದು ಬೇಸರ ಮಾಡಿಕೊಳ್ಳಬೇಡಿ. ಸೋದರಮಾವನ ಜೊತೆ ಅಷ್ಟು ಸಲಿಗೆ ನಮ್ಮ ಗದಗಿನ ಕಡೆ ಇದ್ದದ್ದೇ. ಹದಿನೆಂಟು ವರ್ಷಗಳ ಹಿಂದೆ ಅವನು ಇಲ್ಲಿಯ ಕನ್ನಡದವರ ಮಠದ ದಾಸೋಹಕ್ಕೆಂದು ಜೋಳದ ಚೀಲ ಹೇರಿಕೊಂಡು ಊರಿನಿಂದ ಇದೇ ಗಾಡಿಯಲ್ಲಿ ಬಂದಿದ್ದ. ಚೀಲ ಇಳಿಸಿ ಹಿಂದಿರುಗಬೇಕೆನ್ನುವಾಗ ಸೋನಾರ್‌ಪುರದ ರಸ್ತೆಯಲ್ಲಿ ಗಾಡಿ ನಿಂತುಬಿಟ್ಟಿತು. ಬೇರೆ ಯಾರಾದರೂ ಆಗಿದ್ದರೆ ಬ್ಯಾಟರಿ ನೋಡುತ್ತಿದ್ದರು. ಮಾವ ಅದನ್ನು ವಿಶ್ವನಾಥನ ಅಪ್ಪಣೆ ಎಂದುಕೊಂಡು ಇಲ್ಲೇ ಉಳಿದ. ಮಠದವರು ಕೆಲಸ ಕೊಟ್ಟರು: ಕಂಟೋನ್ಮೆಂಟ್ ಸ್ಟೇಷನ್ನಿಗೆ ಬಂದಿಳಿಯುವ ನಮ್ಮ ಕಡೆಯ ಭಕ್ತರನ್ನು, ಅವರ ಗಂಟುಮೂಟೆಗಳನ್ನು ಸೋನಾರ್‌ಪುರದವರೆಗೆ ತರುವುದು. ಅಲ್ಲಿಂದ ಮುಂದೆ ಗಲ್ಲಿಗಳಲ್ಲಿ ನಡೆದೇ ಹೋಗಬೇಕು. ನನ್ನ ಗಂಡನಿಗೆ ಇಲ್ಲಿಯ ರೈಲ್ವೆಗೆ ವರ್ಗವಾಗಿ ನಾನು ಬರುವ ಹೊತ್ತಿಗೆ ಮಾವ ಅರ್ಧ ಬನಾರಸಿನವನೇ ಆಗಿದ್ದ.

ಮಠದಲ್ಲಿ ಊರುಮನೆ ಬಿಟ್ಟು ಬಂದ ಅಜ್ಜಿಯರಿದ್ದಾರೆ. ಸಾಯುವ ತನಕ ಕಾಶಿಯ ಎಲ್ಲೆಯಿಂದ ಹೊರಗೆ ಕಾಲಿಡುವುದಿಲ್ಲ ಎಂದು ನೇಮ ಹಿಡಿದವರು. ಅವರನ್ನು ನೋಡಿ ನೋಡಿ ಮಾವನಿಗೂ ಮನಸ್ಸಾಯಿತು. ಆದರೆ ತಾನು ನೇಮ ಹಿಡಿದರೆ ಊರ ಕಡೆಯ ಮದುವೆ ಊಟಗಳು ತಪ್ಪುತ್ತವಲ್ಲ! ಅದಕ್ಕೇ ಗಾಡಿಗೆ ಹಿಡಿಸಿದ.

ನಾನು ತಮಾಷೆ ಮಾಡುತ್ತಿಲ್ಲ. ಒಮ್ಮೆ ಹಾವೇರಿಯ ಕಡೆಯ ಭಕ್ತರು ಪ್ರಯಾಗಕ್ಕೆ ಗಾಡಿ ಕೇಳಿದರು.

"ಗಾಡಿ ಬರೂದಿಲ್ರಿ," ಅಂದ ಮಾವ. "ಅದು ಕಾಶೀವಾಸ ಹಿಡದೈತಿ. ನಾ ಬೇಕಾದ್ರ ಬರ್ತೀನಿ, ನಡೀರಿ."

ಹೋಗಿಯೂ ಬಂದ, ಬಸ್ಸಿನಲ್ಲಿ, ಅವರದೇ ಬುತ್ತಿ ಉಂಡುಕೊಂಡು.

ಇಂಥ ವ್ರತನಿಷ್ಠ ಗಾಡಿ ಹೋದ ಚಳಿಗಾಲದಲ್ಲಿ ಅಳತೊಡಗಿತು. ಮೊದಲು ಕಂಡುಹಿಡಿದವಳು ಮಠದ ಒಬ್ಬ ಅಜ್ಜಿ. ಎಂಬತ್ತು ದಾಟಿದವಳು. ಕಣ್ಣು ಹೆಚ್ಚುಕಡಿಮೆ ಹೋಗಿವೆ, ಕಿವಿ ಮಾತ್ರ ಬಲು ಚುರುಕು. ಹನ್ನೊಂದು ವರ್ಷದ ಕೆಳಗೆ ಅವಳನ್ನು ಸ್ಟೇಷನ್ನಿನಿಂದ ತಂದವನೂ ಮಾವನೇ. ಅಂದಿನಿಂದ ಡಾಕ್ಟರ ಹತ್ತಿರ ಹೋಗುವುದಿದ್ದರೂ ಅವಳಿಗೆ ಇದೇ ಗಾಡಿಯ ಮುಂದಿನ ಸೀಟೇ ಆಗಬೇಕು.

"ಏ ತಮ್ಮಾ," ಅಂದಳು ಒಂದು ದಿನ, "ನಿನ್ನ ಗಾಡಿ ಹೊಟ್ಟ್ಯಾಗ ಯಾರೋ ಅಳಾಕತ್ತಾರ."

"ನನಗೇನೂ ಕೇಳಸವಲ್ದಲ್ಲ ಯವ್ವಾ."

ಹೇಗೆ ಕೇಳಿಸಬೇಕು? ಮೂವತ್ತು ವರ್ಷ ಎಂಜಿನ್ನಿನ ಪಕ್ಕ ಕುಳಿತವನ ಕಿವಿ. ಮನೆಯಲ್ಲಿ ನಾನು "ಊಟಕ್ಕೆ ಬಾ" ಎಂದು ಮೂರು ಸಲ ಕೂಗಬೇಕು. ಕಿವಿ ಮಂದವಾಗಿದೆ ಎಂದು ಮಾವ ಒಪ್ಪುವವನಲ್ಲ. ಬನಾರಸಿನಲ್ಲಿ ಗದ್ದಲ ಜಾಸ್ತಿ ಅನ್ನುತ್ತಾನೆ. ಆದರೂ ಅಜ್ಜಿಯ ಮಾತು ತೆಗೆದುಹಾಕಲಾರದೆ ಗಾಡಿಯ ಕೆಳಗೆ ನುಗ್ಗಿದ. ಹೊರಗೆ ಬಂದಾಗ ಮುಖ ಸಣ್ಣಗಾಗಿತ್ತು. ಸೆಂಟರ್ ಬೇರಿಂಗ್ ಹೋಗಿದೆ ಎಂದ.

ಅದು ಏನೆಂದು ನನಗೂ ಆಗಲೇ ತಿಳಿದದ್ದು. ಎಂಜಿನ್ನು ಮುಂದಿರುತ್ತದೆ, ತಿರುಗಬೇಕಾದ ಚಕ್ರ ಹಿಂದಿರುತ್ತದೆ. ನಡುವೆ ಒಂದು ಉದ್ದನೆಯ ಕಬ್ಬಿಣದ ಶಾಫ್ಟು ತಿರುಗುತ್ತಿರುತ್ತದೆ. ಗಾಡಿ ಉದ್ದವಾಗಿದ್ದರೆ ಶಾಫ್ಟು ಎರಡು ತುಂಡು. ಆ ಎರಡೂ ಕೂಡುವ ಕಡೆ ನಡು ಕುಸಿಯದಂತೆ ಗಾಡಿಯ ಹೊಟ್ಟೆಗೆ ತೂಗುಹಾಕಿದ, ಸುತ್ತ ರಬ್ಬರು ಇರುವ ಬೇರಿಂಗೇ ಈ ಸೆಂಟರ್ ಬೇರಿಂಗ್. ರಬ್ಬರು ಹರಿದು ಶಾಫ್ಟು ಜೋಲಿ ಹೊಡೆಯುತ್ತಿತ್ತು. ಹಾಗೇ ಓಡಿಸಿದರೆ ಒಂದು ದಿನ ನಡುರಸ್ತೆಯಲ್ಲಿ ಕಳಚಿ ಬೀಳುತ್ತದೆ.

ಬೇರೆ ದಿನಗಳಲ್ಲಾಗಿದ್ದರೆ ಮಾವ ಇದಕ್ಕೂ ವಿಶ್ವನಾಥನ ಅಪ್ಪಣೆ ಕೇಳುತ್ತ ಕೂರುತ್ತಿದ್ದ. ಆದರೆ ಅಜ್ಜಿಗೆ ಒಂದು ಮಾತು ಕೊಟ್ಟುಬಿಟ್ಟಿದ್ದ. ಕಾಶಿಯ ಎಲ್ಲೆಯನ್ನು ದಾಟದೆ ಅದರ ಗುಂಟವೇ ಪಂಚಕ್ರೋಶಿ ಎಂದು ಪ್ರದಕ್ಷಿಣೆ ಮಾಡುತ್ತಾರೆ. ಗಟ್ಟಿ ಇದ್ದವರಿಗೆ ಐದು ದಿನದ ಕಾಲ್ನಡಿಗೆ. ಅದೊಂದು ಆಗಲಿಲ್ಲವೆಂಬ ಕೊರಗು ಅಜ್ಜಿಗೆ. ತನ್ನ ಗಾಡಿಯಲ್ಲೇ ಮಾಡಿಸುತ್ತೇನೆಂದು ಮಾವ ಹೇಳಿದ್ದ. ಅವಳ ಎದೆಯ ಬಡಿತ ನೋಡಿದ ಡಾಕ್ಟರು, ಮಾಡಿಸುವುದಿದ್ದರೆ ಈ ತಿಂಗಳೇ ಮಾಡಿಸಿಬಿಡಿ, ಮುಂದಕ್ಕೆ ಹಾಕಬೇಡಿ ಎಂದಿದ್ದರು. ಅದರ ಅರ್ಥ ನಮಗೆಲ್ಲ ತಿಳಿಯಿತು, ಅಜ್ಜಿಗೆ ಎಲ್ಲರಿಗಿಂತ ಮೊದಲೇ ತಿಳಿಯಿತು.

"ಬಾಡಿಗೆ ಕಾರು ಮಾಡೋಣ ಅಜ್ಜಿ, ಮೆತ್ತಗಿರತೈತಿ," ಎಂದೆ ನಾನು.

"ಬ್ಯಾಡವಾ. ದಾರ್ಯಾಗ ನನಗೇನರ ಆದ್ರ ಕಿವ್ಯಾಗ ಶಿವನ ಹೆಸರು ಹೇಳಾಕ ನಮ್ಮ ಮಾತು ಬಲ್ಲವ ಬೇಕು. ಆ ಡ್ರೈವರ ಹಿಂದ್ಯಾಗ ಏನಂದ್ರ ನನಗೇನು ತಿಳೀತೈತಿ?"

ಶಿವನ ಹೆಸರು ಎಲ್ಲ ಭಾಷೆಯಲ್ಲೂ ಒಂದೇ ಎಂದು ನಾನು ವಾದಿಸಬಹುದಿತ್ತು. ಆ ಮುಖ ನೋಡಿ ಬಾಡಿಗೆ ಕಾರಿನ ಮಾತು ಕೈಬಿಟ್ಟೆ.

ಸರಿ, ರಿಪೇರಿ. ಬನಾರಸಿನಲ್ಲಿ ಮಿಸ್ತ್ರಿಗಳಿಗೇನು ಬರವೇ? ಆದರೆ ಮಾವನ ಲೆಕ್ಕದಲ್ಲಿ ಉಳಿದವರೆಲ್ಲ ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸುವ ಕಟುಕರು. ಯಂತ್ರದಲ್ಲಿಟ್ಟು ಮೆಲ್ಲಗೆ ಒತ್ತಿ ಕೂರಿಸುವ ಸಜ್ಜನ ಒಬ್ಬನೇ, ಅವನ ಅಂಗಡಿ ಗಂಗೆಯ ಆಚೆ ದಡದ ರಾಮನಗರದಲ್ಲಿ. ಆಚೆ ದಡ ಕಾಶಿಯಲ್ಲ. ಅಲ್ಲಿ ಪ್ರಾಣ ಬಿಟ್ಟವರು ಮುಂದಿನ ಜನ್ಮದಲ್ಲಿ ಕತ್ತೆಯಾಗುತ್ತಾರೆಂದು ಇಲ್ಲಿಯವರು ಹೇಳುತ್ತಾರೆ. ಅಂದಮೇಲೆ ಗಾಡಿಯನ್ನು ಸೇತುವೆ ದಾಟಿಸುವುದು ಹೇಗೆ?

"ಅರ್ಧ ತಾಸಿನ ಕೆಲಸ ಮಾಮಾ. ಅಷ್ಟರಾಗ ಏನಾಗತೈತಿ?"

"ವಯಸ್ಸಾದ ಗಾಡಿ. ಅಲ್ಲೇ ಎಂಜಿನ್ನು ಕೂತ್ರ? ಹದಿನೆಂಟು ವರ್ಷದ ಪುಣ್ಯ ಕತ್ತಿ ಜನ್ಮದ ಪಾಲು."

ಕೊನೆಗೆ ಮಾವನೇ ಒಂದು ದಾರಿ ಹುಡುಕಿದ. ಗಾಡಿ ಕಾಶಿಯಲ್ಲೇ ಇರುತ್ತದೆ, ಶಾಫ್ಟು ಮಾತ್ರ ಹೋಗಿಬರುತ್ತದೆ. ಮಠದ ಅಜ್ಜಿಯರು ಹಲ್ಲಿನ ಸೆಟ್ಟನ್ನು ರಿಪೇರಿಗೆ ಕಳಿಸಿ ತಾವು ಮನೆಯಲ್ಲೇ ಉಳಿಯುವುದಿಲ್ಲವೇ, ಹಾಗೆ.

ಸೋನಾರ್‌ಪುರದ ರಸ್ತೆ ಬದಿಯ ಖಾಲಿ ಜಾಗದಲ್ಲಿ, ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಏರಿಸಿ ಮಾವ ಗಾಡಿಯ ಕೆಳಗೆ ಮಲಗಿದ. ಹಿಂದಿನ ತುದಿಯಲ್ಲಿ ಶಾಫ್ಟನ್ನು ನಾಲ್ಕು ಬೋಲ್ಟು ಹಿಡಿದಿರುತ್ತವೆ. ಬಿಚ್ಚುವ ಮುಂಚೆ ಎರಡೂ ಕಡೆ ಎದುರುಬದುರಾಗಿ ಗುರುತು ಹಾಕಿಕೊಳ್ಳಬೇಕಂತೆ. ತಿರುಗಿ ಕೂರಿಸುವಾಗ ಗುರುತಿಗೆ ಗುರುತು ಕೂಡಬೇಕು. ಇಲ್ಲದಿದ್ದರೆ ಹೊಸ ಬೇರಿಂಗ್ ಹಾಕಿದರೂ ಗಾಡಿ ನಡುಗುತ್ತದೆ. ಉಳಿದವರು ಬಣ್ಣ ಬಳಿಯುತ್ತಾರೆ, ಸೀಮೆಸುಣ್ಣದಲ್ಲಿ ಗೀಚುತ್ತಾರೆ. ಮಾವನ ಜೇಬಿನಲ್ಲಿದ್ದದ್ದು ವಿಭೂತಿ ಗಟ್ಟಿ. ಶಾಫ್ಟಿಗೊಂದು ಗೀಟು, ಅದರೆದುರು ಗಾಡಿಯ ಕಡೆಗೊಂದು ಗೀಟು ಎಳೆದ. ಶಾಫ್ಟನ್ನು ಬಿಚ್ಚಿ ಗೋಡೆಗೆ ಒರಗಿಸಿ, ಕೈ ತೊಳೆದು ಚಹಾ ಕುಡಿಯಲು ಹೋದ.

ಅದೇ ಹೊತ್ತಿಗೆ ಮಠದ ಅಜ್ಜಿಯರು ಗಂಗಾಸ್ನಾನ ಮುಗಿಸಿ ಆ ದಾರಿಯಲ್ಲಿ ಬಂದರು. ಗೋಡೆಗೆ ಒರಗಿದ ಕಪ್ಪನೆಯ ಕಂಬ, ಅದಕ್ಕೆ ವಿಭೂತಿ! ಆಯುಧಪೂಜೆಯೇನೋ ನಡೆದಿದೆ, ಅರ್ಧಕ್ಕೇ ಬಿಟ್ಟು ಹೋಗಿದ್ದಾನೆ ಎಂದುಕೊಂಡರು. ಒಬ್ಬಳು ಮೂರು ಬೆರಳಿನಿಂದ ವಿಭೂತಿ ಎಳೆದಳು. ಮತ್ತೊಬ್ಬಳು ಸುತ್ತಲೂ ಎಳೆದಳು. ಬಗ್ಗಬಲ್ಲವಳೊಬ್ಬಳು ಗಾಡಿಯ ಕೆಳಗೂ ಕೈ ಹಾಕಿ ಪುಣ್ಯ ಕಟ್ಟಿಕೊಂಡಳು. ಮಾವ ಬಂದು ನೋಡಿದಾಗ ಮೈಯೆಲ್ಲ ಗುರುತಾಗಿ ಅವನ ಗುರುತು ಯಾವುದೆಂದು ಶಿವನಿಗೂ ತಿಳಿಯುವಂತಿರಲಿಲ್ಲ.

ಆಗಷ್ಟೇ ಅಲ್ಲಿಗೆ ಬಂದಿದ್ದ ನಾನು, ಅವನು ಬೈಯುತ್ತಾನೆಂದು ಕಾದೆ. ಅಜ್ಜಿಯರ ಮುಂದೆ ಮಾವನ ಬಾಯಿಗೂ ಬ್ರೇಕು ಬಿದ್ದಿತ್ತು. "ಇರ್ಲಿ ಬಿಡ್ರಿ," ಎಂದು ಶಾಫ್ಟು ಹೊತ್ತ.

ಇ-ರಿಕ್ಷಾದಲ್ಲಿ ಸೇತುವೆ ದಾಟಿದೆವು. ನಾನ್ಯಾಕೆ ಹೋದೆ ಅಂತೀರಾ? ಶಾಫ್ಟಿಗೆ ಎರಡು ತುದಿ, ಮಾವ ಒಬ್ಬನೇ. ಮಿಸ್ತ್ರಿ ನಮ್ಮ ಹಿಂದೆ ಬಗ್ಗಿ ನೋಡಿ, "ಕಾ ಮಹಾರಾಜ್, ಗಾಡಿ ಕಹಾಂ ಹೌ?" ಎಂದು ಗಾಡಿ ಎಲ್ಲೆಂದು ಕೇಳಿದ.

"ಗಾಡಿ ನಹೀಂ ಆತಾ," ಅಂದ ಮಾವ. "ಇಧರ್ ಮರೇಗಾ ತೋ ಗಧಾ ಬನೇಗಾ."

ರಾಮನಗರದಲ್ಲೇ ಹುಟ್ಟಿ ಬೆಳೆದವನ ಮುಂದೆ, ಗಾಡಿ ಬರುವುದಿಲ್ಲ, ಇಲ್ಲಿ ಸತ್ತರೆ ಕತ್ತೆಯಾಗುತ್ತದೆ ಎನ್ನುವುದೇ! ನಾನು ರಿಕ್ಷಾ ಹೋಯಿತೇ ಇದೆಯೇ ಎಂದು ನೋಡಿಕೊಂಡೆ. ಮಿಸ್ತ್ರಿ ಹೊಸ ಬೇರಿಂಗನ್ನು ಕೈಯಲ್ಲಿ ತೂಗುತ್ತ, ಹಾಗಾದರೆ ನನ್ನ ಗತಿಯೇನು ಮಹಾರಾಜ್ ಎಂದ. ಮಾವ ಒಂದು ಗಳಿಗೆ ಯೋಚಿಸಿದ. ನಿನಗೆ ಹುಷಾರಿಲ್ಲ ಅನಿಸಿದ ದಿನ ಫೋನು ಮಾಡು, ಸೇತುವೆ ತನಕ ಹೇಗಾದರೂ ಬಾ, ಅಲ್ಲಿಂದ ಮುಂದೆ ನನ್ನ ಗಾಡಿ ಇದೆ ಎಂದು ಹಿಂದಿಯಲ್ಲಿ ಭರವಸೆ ಕೊಟ್ಟ. ಮಿಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಹಳೆಯ ಬೇರಿಂಗ್ ಕಳಚಿ ಹೊಸದನ್ನು ಎಷ್ಟು ಮೆಲ್ಲಗೆ ಒತ್ತಿ ಕೂರಿಸಿದನೆಂದರೆ, ಮಾವನ ಹಟದಲ್ಲಿ ಸ್ವಲ್ಪ ಅರ್ಥವಿದೆ ಎಂದು ನಾನೂ ಒಪ್ಪಬೇಕಾಯಿತು.

ಇನ್ನು ಉಳಿದದ್ದು ಗುರುತಿಲ್ಲದ ಶಾಫ್ಟನ್ನು ಕೂರಿಸುವುದು. ನಾಲ್ಕು ಬೋಲ್ಟು ಎಂದರೆ ನಾಲ್ಕು ರೀತಿ, ಅದರಲ್ಲಿ ಒಂದೇ ಸರಿ. ಓಡಿಸಿ ನೋಡಿಯೇ ತಿಳಿಯಬೇಕು. ನಡುಗುವ ಸದ್ದು ಕೇಳಲು ಕಿವಿ ಬೇಕು. ಮಾವ ಮಠಕ್ಕೆ ಹೋಗಿ, ತಲೆ ಕೆರೆದುಕೊಂಡು ಅಜ್ಜಿಯ ಮುಂದೆ ನಿಂತ. "ಯವ್ವಾ, ಸ್ವಲ್ಪ ಬಂದು ಕೇಳ್ತೀಯೇನು?"

ನಾನು ಇಲ್ಲಿಗೆ ಬಂದ ಹತ್ತು ವರ್ಷದಲ್ಲಿ ಅವನು ತನ್ನ ಕಿವಿಯ ಬಗ್ಗೆ ಒಪ್ಪಿಕೊಂಡದ್ದು ಅಷ್ಟೇ. ಅಜ್ಜಿ ಶಾಲು ಹೊದ್ದು ಬಂದು ನ್ಯಾಯಾಧೀಶರ ಹಾಗೆ ಮುಂದಿನ ಸೀಟಿನಲ್ಲಿ ಕುಳಿತಳು. ರಸ್ತೆಯ ತುದಿಗೆ ಹೋಗಿ ಬಂದರು.

"ಇಲ್ಲೋ. ಚಳಿಜ್ವರ ಬಂದಂಗೈತಿ."

ಮಾವ ಕೆಳಗೆ ನುಗ್ಗಿ, ಬಿಚ್ಚಿ, ಒಂದು ಬೋಲ್ಟಿನಷ್ಟು ತಿರುಗಿಸಿ ಕೂರಿಸಿದ. ಮತ್ತೆ ಹೋಗಿ ಬಂದರು.

"ಈಗ ಗೊಣಗತೈತಿ, ನಿನ್ನಂಗ."

ಮೂರನೆಯ ಸಲವೂ ಇಲ್ಲ. ನಾಲ್ಕನೆಯ ಸಲ ಅಜ್ಜಿ ಶಾಲು ಸರಿಸಿ, ಬಗ್ಗಿ ಕಿವಿಗೊಟ್ಟಳು. ನಂತರ ಹೇಳಿದಳು, "ಸುಮ್ಮನಾತು ನೋಡು. ನಾಳೆ ಹೋಗೂಣು." ಮಾವ ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಕೂತುಬಿಟ್ಟ.

ಮರುದಿನ ಸೂರ್ಯ ಮೂಡುವ ಮೊದಲೇ ಹೊರಟೆವು. ಮುಂದೆ ಅವರಿಬ್ಬರು, ಹಿಂದೆ ಹಾಸಿಗೆ ಹಾಸಿಕೊಂಡು ಬುತ್ತಿಗಂಟಿನ ಜೊತೆ ನಾನು. ನಡುವಿನ ಸಣ್ಣ ಗಾಜಿನಿಂದ ಇಬ್ಬರ ತಲೆಗಳೂ ಗೇರೂ ಕಾಣುತ್ತಿದ್ದವು. ಕಂದವಾದಲ್ಲಿ ಅಜ್ಜಿ ಕೈಮುಗಿದಳು, ಭೀಮಚಂಡಿಯಲ್ಲಿ ಒಂದು ತುತ್ತು ಉಂಡಳು, ರಾಮೇಶ್ವರದಲ್ಲಿ ತಾನೇ ನಡೆಯುತ್ತೇನೆಂದು ಹಟ ಹಿಡಿದು ನಾಲ್ಕು ಹೆಜ್ಜೆ ನಡೆದಳು. ಗಾಡಿ ಸದ್ದೇ ಇಲ್ಲದೆ ಓಡುತ್ತಿತ್ತು. ಶಿವಪುರದಲ್ಲಿ ನಾಲ್ಕನೆಯ ನಿಲ್ದಾಣವೂ ಮುಗಿಯಿತು. ಕೊನೆಯದಾದ ಕಪಿಲಧಾರೆಯನ್ನು ದಾಟಿದ ಮೇಲೆ ಮಾತ್ರ ಮಾವ ಅಲ್ಲಲ್ಲಿ ಗಾಡಿ ನಿಲ್ಲಿಸತೊಡಗಿದ. ಒಂದು ಫರ್ಲಾಂಗು ಹೋಗುವುದು, ನಿಲ್ಲುವುದು. ಮತ್ತೆ ಹೋಗುವುದು, ನಿಲ್ಲುವುದು. ಬೋಲ್ಟು ಸಡಿಲವಾಯಿತೇ ಎಂದು ನಾನು ಗಾಬರಿಯಿಂದ ಇಳಿದು ಅವನ ಕಿಟಕಿಗೆ ಹೋದೆ.

"ಮತ್ತ ಏನಾತು ಮಾಮಾ?"

"ಗಾಡಿಗೇನೂ ಆಗಿಲ್ಲವಾ," ಅಂದ ಮಾವ. ಇಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. "ಮುದುಕಿ ಮಾತು ನಿಲ್ಲಿಸ್ಯಾಳ. ನಿದ್ದಿ ಇರಬೇಕು. ಉಸಿರು ಐತೋ ಇಲ್ಲೋ, ನನಗ ಕೇಳಸೂದಿಲ್ಲ. ಅದಕ್ಕ ನಿಂತು ಮೂಗಿಗೆ ಕೈ ಹಿಡಿದು ನೋಡ್ತೀನಿ."

ಇಷ್ಟು ಹೊತ್ತು ನಾನು ನಕ್ಕ ಮನುಷ್ಯ ಇವನೇ. ಅಷ್ಟರಲ್ಲಿ ಅಜ್ಜಿ ಕಣ್ಣು ತೆರೆಯದೆಯೇ ಹೇಳಿದಳು, "ಇನ್ನೂ ಅದೀನೋ ತಮ್ಮಾ. ಗಾಡಿ ಹೊಡಿ."

ನಾನು ಹಿಂದೆ ಹತ್ತಿ ಕೂತೆ. ಗಾಡಿ ಹೊರಟಿತು. ಮಾವ ಎರಡನೇ ಗೇರಿಗೆ ಹಾಕಿದ್ದನಷ್ಟೆ, ಅಜ್ಜಿ ತಡಕಾಡಿ ಗೇರಿನ ಮೇಲಿದ್ದ ಅವನ ಎಡಗೈಯನ್ನು ಹುಡುಕಿ, ಎತ್ತಿ ತನ್ನ ಎದೆಯ ಮೇಲೆ ಇಟ್ಟುಕೊಂಡಳು, ಕಿವಿಗೆ ಕೇಳದ್ದು ಕೈಗಾದರೂ ತಿಳಿಯಲಿ ಎಂದು. ಮಾವ ಕೈ ಬಿಡಿಸಿಕೊಳ್ಳಲಿಲ್ಲ. ಸೈಕಲ್ಲಿನವರು ನಮ್ಮನ್ನು ದಾಟಿ ಮುಂದೆ ಹೋದರು, ಹಿಂದಿನ ಗಾಡಿಗಳು ಹಾರ್ನು ಹೊಡೆದವು, ಯಾರೋ ಬೈದರು. ಅವನಿಗೆ ಅದ್ಯಾವುದೂ ಕೇಳಿಸಿರಲಾರದು. ಉಳಿದ ದಾರಿಯನ್ನೆಲ್ಲ ಎರಡನೇ ಗೇರಿನಲ್ಲೇ ಕ್ರಮಿಸಿ ನಾವು ಪ್ರದಕ್ಷಿಣೆ ಮುಗಿಸಿದೆವು.