ನಾದಿನಿಯ ಸಂಬಳದ ಗುಟ್ಟು

ಆ ದಿನ ಬೆಳಿಗ್ಗೆಯೂ ಎಂದಿನಂತೆ ನಲ್ಲಿ ನೀರು ಹಿಡಿದಿಟ್ಟೆ, ಹಾಲು ಕಾಯಿಸಿದೆ, ಮಂಡಕ್ಕಿ ತೊಯ್ಯಿಸಿ ಒಗ್ಗರಣೆಗೆ ಬಾಣಲೆ ಇಟ್ಟೆ. ಒಂದೇ ವ್ಯತ್ಯಾಸ: ಸೌಟು ಹಿಡಿದು ನಿಂತ ನಾನು ಸಂಡೂರಿನ ಅದಿರು ಕಂಪನಿಯ ಮ್ಯಾನೇಜರ್ ಆಗಿದ್ದೆ!

"ಈಗ ನಿಮಗ ಸಂಬಳ ಎಷ್ಟು ಬರ್ತೈತಿ?" ಗಂಟಲು ದಪ್ಪ ಮಾಡಿ ಕೇಳಿದೆ.

ಜಡೆ ಹೆಣೆದುಕೊಳ್ಳುತ್ತಿದ್ದ ನನ್ನ ನಾದಿನಿ ಪಟಕ್ಕನೆ ರೂಪಾಯಿ, ಪೈಸೆ ಸಮೇತ ಹೇಳಿಬಿಟ್ಟಳು. ಪಿಎಫ್ ಕಡಿತವನ್ನೂ ಬಿಡಲಿಲ್ಲ.

"ಹೇಳಬ್ಯಾಡ ಅಂದಿದ್ದೆನಲ್ಲ!"

"ಮತ್ತ ಯಾಕ ಕೇಳಿದ್ರಿ ವೈನಿ?"

ಇವಳಷ್ಟು ಅಪಾಯಕಾರಿ ಹೆಂಗಸು ಹೊಸಪೇಟೆಯಲ್ಲಿ ಇನ್ನೊಬ್ಬಳಿಲ್ಲ. ಸುಳ್ಳು ಹೇಳುವವರನ್ನಾದರೂ ಸಂಭಾಳಿಸಬಹುದು. ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳುವವರನ್ನು ಏನು ಮಾಡುತ್ತೀರಿ? ಮದುವೆಮನೆಯಲ್ಲಿ ಬೀಗರು ಉಪಚಾರಕ್ಕೆ "ಊಟ ಹೆಂಗಿತ್ತು?" ಎಂದರೆ "ಹೋಳಿಗಿಗೆ ಹೂರಣ ಕಮ್ಮಿ ಆತ್ರಿ" ಎನ್ನುತ್ತಾಳೆ. ಒಮ್ಮೆ ಹಂಪಿಯಲ್ಲಿ ಪ್ರವಾಸಿಯೊಬ್ಬ ಗುಡ್ಡದ ಬುಡದಲ್ಲಿ ನಿಂತು, ಮೇಲೆ ಹತ್ತಿದರೆ ಏನಿದೆ ಎಂದು ಕೇಳಿದ. "ಬಿಸಲೈತ್ರಿ" ಎಂದಳು. ಅವನು ಅಲ್ಲಿಂದಲೇ ವಾಪಸ್! ಜೊತೆಗಿದ್ದ ಗೈಡ್ ನಮ್ಮನ್ನು ನೋಡಿದ ನೋಟವನ್ನು ನಾನಿನ್ನೂ ಮರೆತಿಲ್ಲ.

ಮದುವೆ ಮುರಿದ ಮೇಲೆ ನಮ್ಮ ಮನೆಗೆ ಬಂದವಳು. ದಿನಾ ಬಸ್ಸು ಹಿಡಿದು ಕಂಪ್ಲಿಯ ಅಕ್ಕಿ ಗಿರಣಿಯೊಂದಕ್ಕೆ ಹೋಗಿ ಲೆಕ್ಕ ನೋಡುತ್ತಾಳೆ. ಕೆಲಸ ಬೆಟ್ಟದಷ್ಟು, ಸಂಬಳ ಸಾಸಿವೆಯಷ್ಟು. ಇಲ್ಲೇ ಇರು ಎಂದು ನಾವು ಎಷ್ಟು ಹೇಳಿದರೂ, ತನ್ನದೇ ಒಂದು ಬಾಗಿಲು, ತನ್ನದೇ ಒಂದು ಕೀಲಿ ಬೇಕೆಂಬುದು ಅವಳ ಹಟ. ಆ ಸಂಬಳದಲ್ಲಿ ಬಾಡಿಗೆ ಮನೆ ಎಲ್ಲಿಂದ? ಈಗ ಸಂಡೂರಿನವರು ಕೆಲಸಕ್ಕೆ ಆರಿಸಿ, ಸಂಬಳ ಮಾತಾಡಲು ಕರೆದಿದ್ದರು. ಹಳೆಯ ಸಂಬಳ ಬಾಯಿಬಿಟ್ಟಳೋ, ಅದರ ಮೇಲೊಂದು ಚಿಟಿಕೆ ಉದುರಿಸಿ ಮುಗಿಸಿಬಿಡುತ್ತಾರೆ. ಕೀಲಿಯ ಆಸೆಯೂ ಅಲ್ಲಿಗೆ ಮುಗಿಯಿತು!

"ಈ ಕೆಲಸಕ್ಕ ನೀವು ಎಷ್ಟು ಇಟ್ಟೀರಿ ಅಂತ ನಕ್ಕೊಂತ ಅವರನ್ನೇ ಕೇಳು" ಎಂದು ಮತ್ತೆ ಮತ್ತೆ ಹೇಳಿಕೊಟ್ಟೆ. ಆದರೆ ನಾನೆಂಥ ಗುರು? ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಪ್ರಶ್ನೆಗೆ ಪೂರ್ಣ ವಾಕ್ಯದಲ್ಲಿ ಉತ್ತರಿಸುವುದನ್ನು ಕಲಿಸಿದ್ದರೇ ಹೊರತು ಉತ್ತರಿಸದೆ ಇರುವುದನ್ನಲ್ಲ. ಅವಳು ಬಸ್ಸಿಗೆ ಹೊರಟಳು. ನಾನು ಮಡಚಿದ ಬಟ್ಟೆಗಳನ್ನೇ ಬಿಡಿಸಿ ಮತ್ತೆ ಮಡಚುತ್ತ ಕುಳಿತೆ.

ಸಂಜೆ ಬಂದಳು. ಸೀರೆಯ ಅಂಚಿಗೆಲ್ಲ ಕೆಂಪು ಧೂಳು.

"ಸಂಬಳ ಕೇಳಿದ್ರೇನು?"

"ಕೇಳಿದ್ರು."

"ಏನಂದಿ?"

"ಹೇಳಬ್ಯಾಡ ಅಂದಾರ್ರಿ ನಮ್ಮ ವೈನಿ. ಹೇಳಿದ್ರ ಅದರ ಮ್ಯಾಲೆ ಚೂರು ಉದುರಿಸಿ ಮುಗಿಸ್ತೀರಂತ, ಅಂದೆ."

ಅಯ್ಯೋ ಶ್ರೀಹರಿ!

"ಸಾಹೇಬ್ರು ಭಾಳ ನಕ್ಕರು ವೈನಿ. 'ನಾನೂ ಅದನ್ನ ಮಾಡಾಂವಿದ್ದೆ' ಅಂದ್ರು. ಹಂಗಾದ್ರ ಈ ಕೆಲಸಕ್ಕ ಎಷ್ಟು ಇಟ್ಟೀರಿ ಅಂದೆ. ಹೇಳಿದ್ರು. ಅಷ್ಟ ಕೊಡ್ರಿ ಅಂದೆ. 'ಲೆಕ್ಕದಾಗ ಇಂಥೋರ ಇರಬೇಕು' ಅಂತ ಆರ್ಡರ್ ಕೈಯಾಗ ಇಟ್ರು."

ಮೊತ್ತ ಕೇಳಿದೆ. ಹೇಳಿದಳು, ಅವಳು ಹೇಳದೆ ಇರುತ್ತಾಳೆಯೇ! ನಾನು ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟೆ.

"ಖುಷಿ ಆತಿಲ್ಲೋ?"

ಅವಳು ಪಕ್ಕದಲ್ಲಿ ಕುಳಿತಳು. "ಆತು. ಇನ್ನ ಮನಿ ಹುಡುಕಬೇಕು. ಹೆದರಿಕಿನೂ ಆಗ್ತೈತಿ ವೈನಿ. ಬೆಳಗ್ಗೆ ಎದ್ದು ಚಹಾ ಕುಡಿಯಾಕ ಎದುರಿಗೆ ನೀವು ಇರಂಗಿಲ್ಲಲ್ಲ."

ನಾನು ಅವಳ ಸೀರೆಯಂಚಿನ ಧೂಳನ್ನು ಕೊಡವುತ್ತ ಕುಳಿತೆ.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆ ಒಣಗಿದ ಬಟ್ಟೆ ತೆಗೆಯುತ್ತ, ನಮ್ಮ ಕಡೆ ಪೂರ್ತಿ ತಿರುಗದೆಯೇ ಹೇಳಿದರು: "ನಮ್ಮ ಹಿಂದಿನ ಪೋರ್ಷನ್ ಖಾಲಿ ಆತು ನೋಡ್ರಿ ಅಕ್ಕಾರ. ಯಾರಾರ ಇದ್ರ ಹೇಳ್ರಿ, ಒಬ್ಬರ ಇದ್ರೂ ನಡೀತೈತಿ."